ಹೊರಮಗ್ಗುಲ ಹೊಲಿಗೆ

ಹೊಳೆಯ ದಂಡೆಗೆ ಒಂದು ಆಶ್ರಮ. ಆಶ್ರಮವೆಂದರೆ ಏನು ಮಹಾ, ನಾಲ್ಕು ಗುಡಿಸಲು, ಒಂದು ಬೇವಿನಮರ, ಮರದ ಬುಡಕ್ಕೆ ಒಬ್ಬ ಅಜ್ಜ.

ಅಜ್ಜನಿಗೆ ಶಿಷ್ಯರು ಹಲವರಿದ್ದರು. ಆದರೆ ಮಾಳಿಂಗನಂಥ ಶಿಷ್ಯ ಹಿಂದೆ ಬಂದಿರಲಿಲ್ಲ, ಮುಂದೆ ಬರುವುದೂ ಇಲ್ಲ. ಹಾಗಂತ ಮಾಳಿಂಗನೇ ಹೇಳುತ್ತಿದ್ದ.

ಗರಡಿಮನೆಯಲ್ಲಿ ಕಲ್ಲೆತ್ತಿ ಬೆಳೆದ ಮೈ ಅದು. ಅವನು ಎದುರು ಬಂದರೆ ಊರ ಹೋರಿಯೇ ದಾರಿ ಬಿಡಬೇಕು. ಅಂಥವನು ಅಂಗಿ ಧೋತರ ಎಲ್ಲ ಕಿತ್ತೊಗೆದು ಬರಿಮೈಗೆ ಗೋಣಿತಟ್ಟು ಸುತ್ತಿಕೊಂಡಿದ್ದ. ಬೇಸಿಗೆಗೂ ಅದೇ, ಚಳಿಗೂ ಅದೇ.

ಅಜ್ಜನೋ, ಒಗೆದೂ ಒಗೆದೂ ತೆಳ್ಳಗಾದ ಹಳೇ ಅಂಗಿ ಹಾಕುತ್ತಿದ್ದ. ಚಳಿ ಬಿದ್ದರೆ ಕಿವಿ ಮುಚ್ಚುವ ಟೊಪ್ಪಿಗೆ ಬೇರೆ.

ಮಾಳಿಂಗನಿಗೆ ಇದು ಸರಿಬರಲಿಲ್ಲ. ಒಂದು ದಿನ ಎಲ್ಲರ ಎದುರಿಗೇ ಕೇಳಿದ.

“ಅಜ್ಜಾರ, ಮೈಗೆ ಸುಖಾ ಕೊಟ್ಟವರಿಗೆ ದೇವರು ಸಿಗತಾನೇನ್ರಿ?”

“ನನಗಂತೂ ಸಿಕ್ಕಿಲ್ಲಪ್ಪ. ನಿನಗ ಸಿಕ್ಕಾನೇನು?”

ಉಳಿದ ಶಿಷ್ಯರು ಕಿಸಕ್ಕನೆ ನಕ್ಕರು. ಮಾಳಿಂಗ ಅವರತ್ತ ತಿರುಗಿದ.

“ನಗ್ರಿ, ನಗ್ರಿ. ಒಂದು ದಿನ ಈ ಗೋಣಿ ಉಟ್ಟು ತೋರಸ್ರಿ ನೋಡೋಣು. ಎಷ್ಟು ಚುಚ್ಚತೈತಿ ಗೊತ್ತೈತೇನು? ಹೆಗಲು ಕಿತ್ತು ಗಾಯ ಆಗೈತಿ. ಆದ್ರೂ ಒಂದು ಸಲ ಹಾ ಅಂದಿಲ್ಲ ನಾನು!”

ಅಜ್ಜ ಅವನ ಹೆಗಲು ನೋಡಿದ. ಗೋಣಿಯ ಅಂಚಿಗೆ ಕೀವು ಒಣಗಿ ಅಂಟಿತ್ತು.

“ಮಾಳಿಂಗಾ, ಕೂಸು ಹುಟ್ಟಿದ್ರ ಎಂಥಾ ಅರಿವ್ಯಾಗ ಸುತ್ತತಾರ?”

“ಹಳೇ ಅರಿವ್ಯಾಗ. ಅಜ್ಜಿ ಸೀರಿನೋ, ಅಪ್ಪನ ಧೋತರನೋ.”

“ಹೊಸಾದು ಯಾಕ ಬ್ಯಾಡ?”

“ಬಿರುಸು ಇರತೈತಲ್ರಿ. ಚುಚ್ಚಿದ್ರ ಕೂಸು ಅಳತೈತಿ.”

“ಎಷ್ಟು ಚುಚ್ಚಿದ್ರೂ ಅಳಲಾರದವರು ಯಾರು?”

ಮಾಳಿಂಗ ಎದೆ ತಟ್ಟಿಕೊಂಡ. “ನಾನು!”

“ಇನ್ನೊಬ್ಬರು ಅದಾರ,” ಅಂದ ಅಜ್ಜ. “ಗೊತ್ತಾದ ದಿನ ಬಂದು ಹೇಳು.”

ಸುಗ್ಗಿ ಮುಗಿಯುವ ಹೊತ್ತಿಗೆ ಮಾಳಿಂಗನ ಅಕ್ಕ ಬಂದಳು. ಫಕ್ಕೀರವ್ವ ಅಂತ. ಅವ್ವ ಅವನನ್ನು ಹೆತ್ತು ಕಣ್ಣು ಮುಚ್ಚಿದ ಮೇಲೆ ಸೊಂಟದ ಮೇಲೆ ಹೊತ್ತು ದೊಡ್ಡವನನ್ನು ಮಾಡಿದವಳು ಅವಳೇ. ಹೊಳೆಯಾಚೆಯ ಊರಿಗೆ ಲಗ್ನವಾಗಿ ಹೋಗಿದ್ದಳು.

ಹರಿಗೋಲು ಇಳಿದವಳು ಬೇವಿನಮರ ಮುಟ್ಟುವಷ್ಟರಲ್ಲಿ ಮೂರು ಕಡೆ ಕುಂತೆದ್ದಳು. ಮುಖ ಬಿಳಿಚಿತ್ತು. ಬಗಲಲ್ಲಿ ಒಂದು ಗಂಟು.

“ತಮ್ಮಾ, ಅಂಬಿಗರ ತಿಪ್ಪಣ್ಣ ಹೇಳಿದ, ಮೈಯೆಲ್ಲಾ ಹುಣ್ಣು ಆಗ್ಯಾವಂತಲ್ಲೋ.”

“ಹುಣ್ಣಲ್ಲ ಅದು. ತಪಸ್ಸು.”

ಅವಳು ಗಂಟು ಬಿಚ್ಚಿ ಒಂದು ಅಂಗಿ ತೆಗೆದಳು. ಬಣ್ಣ ಹೋಗಿ ಹಾಲಿನ ಕೆನೆಯಂತಾದ ಬಟ್ಟೆ.

“ಅವ್ವನ ಸೀರಿ. ನೀ ಹುಟ್ಟಿದಾಗ ಇದರಾಗ ನಿನ್ನ ಸುತ್ತಿ ನನ್ನ ತೊಡಿ ಮ್ಯಾಲೆ ಹಾಕಿದ್ರು. ಇಷ್ಟು ದಿನ ಇಟಗೊಂಡಿದ್ದೆ.”

ಮಾಳಿಂಗ ಬೆರಳ ತುದಿಯಿಂದ ಅಂಗಿ ಎತ್ತಿ ಹಿಡಿದ. ಹೊಲಿಗೆ, ಮಡಿಕೆ, ದಾರದ ಗಂಟು ಎಲ್ಲ ಹೊರಗೇ ಕಾಣುತ್ತಿತ್ತು.

“ತಿರುವಿ ಹೊಲದೀಯಲ್ಲ, ಅಕ್ಕ! ಹೊಲಿಗಿ ಮರತು ಹೋತೇನು?”

“ತಿಳದ ಹೊಲದೀನೋ. ಹೊಲಿಗಿ ಒಳಗಿದ್ರ ಗಾಯಕ್ಕ ತಿಕ್ಕತೈತಿ.”

ಅವಳ ಉಸಿರು ನಿಂತು ನಿಂತು ಬರುತ್ತಿತ್ತು.

“ಒಂದ ಸಲ ಹಾಕ್ಕೋ ತಮ್ಮಾ. ನೋಡಿ ಹೋಗತೀನಿ. ಆಮ್ಯಾಲೆ ಬೇಕಾರ ತೆಗದ ಒಗಿ.”

ಸುತ್ತ ಶಿಷ್ಯರು ನಿಂತಿದ್ದರು. ಗೋಣಿ ಬಿಟ್ಟು ಅಕ್ಕನ ಮೆತ್ತನೆಯ ಅಂಗಿಯೊಳಗೆ ಮಾಳಿಂಗ ತೂರುವುದನ್ನು ಇವರೆಲ್ಲ ನೋಡಬೇಕೆ? ಅದೊಂದೇ ಅವನ ತಲೆಯಲ್ಲಿತ್ತು.

“ಇದು ಹೇಡಿಗಳು ಹಾಕ್ಕೊಳ್ಳೋ ಅರಿವಿ,” ಅಂದ. “ತಗೊಂಡು ಹೋಗು.”

ಅಕ್ಕ ಅಳಲಿಲ್ಲ. ಅಂಗಿಯನ್ನು ಮಂಡಿಯ ಮೇಲೆ ಹರವಿ, ಇಲ್ಲದ ಸುಕ್ಕು ತೀಡಿದಳು. ಆಮೇಲೆ ಅಜ್ಜನ ಕಡೆ ನೋಡಿದಳು.

“ನೀವರ ಹಾಕ್ಕೋರಿ ಅಜ್ಜಾರ. ಹೊಲದದ್ದು ಸುಮ್ಮನ ಹೋಗಬಾರದು.”

ಅಜ್ಜ ಅಲ್ಲೇ ತನ್ನ ಅಂಗಿ ಕಳಚಿ ಅದನ್ನು ತೊಟ್ಟ. ಗಿಡ್ಡ ಮುದುಕ. ತೋಳುಗಳು ಬೆರಳು ದಾಟಿ ಜೋತಾಡಿದವು. ಕೋಳಿಮರಿ ಬುಟ್ಟಿಯೊಳಗೆ ಸಿಕ್ಕಿದ ಹಾಗಿತ್ತು. ಫಕ್ಕೀರವ್ವ ಕೂಡ ನಕ್ಕುಬಿಟ್ಟಳು.

“ಮಾಳಿಂಗಾ, ಅಕ್ಕನ್ನ ಹೊಳಿ ತನಕ ಬಿಟ್ಟು ಬಾ,” ಅಂದ ಅಜ್ಜ.

“ಎಲ್ಲಾ ಬಿಟ್ಟವಗ ಅಕ್ಕ ಎಲ್ಲಿ, ತಮ್ಮ ಎಲ್ಲಿ?”

ಅವಳು ಗಂಟಿನ ಬಟ್ಟೆ ಮಡಚಿಕೊಂಡು ಎದ್ದಳು. “ತವರು ಅಂದ್ರ ನನಗ ನೀ ಒಬ್ಬನ ಇದ್ದೀ ತಮ್ಮಾ,” ಅಂದಳು. ಅಷ್ಟೇ.

ಹೊಳೆಯ ತನಕ ಅವಳ ಜೊತೆ ಹೋದದ್ದು ಅಜ್ಜ. ತಿರುವಿ ಹೊಲಿದ ಅಂಗಿಯಲ್ಲೇ.

ಅಂದಿನಿಂದ ಅಜ್ಜ ಆ ಅಂಗಿ ಬಿಡಲಿಲ್ಲ. ಒಗೆದು ಒಣಗಿಸಿ ಮತ್ತೆ ಅದನ್ನೇ ಹಾಕುತ್ತಿದ್ದ. ಎದುರಿಗೆ ಕಂಡಾಗಲೆಲ್ಲ ಮಾಳಿಂಗ ಬೇರೆ ಕಡೆ ನೋಡುತ್ತಿದ್ದ.

ಹೊಳೆಗೆ ಹೊಸ ನೀರು ಬಂದಾಗ ಅಂಬಿಗರ ತಿಪ್ಪಣ್ಣ ಓಡುತ್ತ ಬಂದ.

“ಮಾಳಿಂಗಾ, ಏಳು. ನಿಮ್ಮಕ್ಕ ಹೋದಳು. ನಿನ್ನ ದಾರಿ ಕಾಯಾಕ ಹತ್ಯಾರ.”

ಹೇಗೆ ಹೊಳೆ ದಾಟಿದನೋ ಮಾಳಿಂಗನಿಗೆ ತಿಳಿಯಲಿಲ್ಲ. ಅಕ್ಕನನ್ನು ಅಂಗಳದಲ್ಲಿ ಮಲಗಿಸಿದ್ದರು. ಅವಳ ಮೈದುನ ಎದ್ದು ಬಂದ.

“ತವರಿನ ಸೀರಿ ತಂದೀಯೇನಪ್ಪ?”

ಆ ಸೀಮೆಯ ರಿವಾಜು ಅದು. ಹೆಣ್ಣುಮಗಳು ಸತ್ತರೆ ಕೊನೆಯ ಸೀರೆ ತವರಿನಿಂದ ಬರಬೇಕು. ತವರಿನವರು ತಮ್ಮ ಕೈಯಾರೆ ಹೊದಿಸಬೇಕು. ಅದಿಲ್ಲದೆ ಹೆಣ ಎತ್ತುವುದಿಲ್ಲ.

ಮಾಳಿಂಗನ ಹತ್ತಿರ ಇದ್ದದ್ದು ಮೈಮೇಲಿನ ಗೋಣಿ ಒಂದೇ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಮುದುಕಿ ಅಂದೇಬಿಟ್ಟಳು, “ಗೋಣಿ ಉಟ್ಟುಕೊಂಡು ಬಂದೈತಿ ನೋಡ್ರವ್ವಾ ತವರು.”

“ಸುಮ್ಮನಿರ್ರಿ,” ಅಂದ ಮೈದುನ. ಒಳಗಿನಿಂದ ಒಂದು ಸೀರೆ ತಂದು ಅವನ ಕೈಗಿಟ್ಟ. “ನಿನ್ನ ಹೆಸರಲೆ ನಾವ ತರಿಸೀವಿ. ಹೊಚ್ಚು.”

ಪ್ಯಾಟೆಯ ಹೊಸ ಸೀರೆ. ಗಂಜಿ ತಿಂದು ರಟ್ಟಿನಂತಾಗಿತ್ತು. ಬಿಚ್ಚಿದರೆ ಪರಪರ ಸದ್ದು. ಮಾಳಿಂಗ ಬಾಗಿ ಹೊದಿಸಿದ. ಸೀರೆಯ ಅಂಚು ಅಕ್ಕನ ಗಲ್ಲಕ್ಕೆ ತಾಗಿ ಸೆಟೆದು ನಿಂತಿತು.

ಅದನ್ನು ತೆಗೆದು ಎರಡೂ ಕೈಯಲ್ಲಿ ತಿಕ್ಕತೊಡಗಿದ. ಅಂಗೈಗೆ ಅಂಗೈ ಹಚ್ಚಿ, ಮಂಡಿಗೆ ಹಚ್ಚಿ, ಹಿಂಡಿ, ಹಿಸುಕಿ ತಿಕ್ಕಿದ.

“ಏನ್ ಮಾಡಾಕತ್ತೀಯೋ?”

“ಬಿರುಸು ಐತಿ. ಚುಚ್ಚತೈತಿ ಆಕೀಗೆ. ತಡೀರಿ, ಸ್ವಲ್ಪ ಮೆತ್ತಗ ಆಗಲಿ.”

ಮೈದುನ ಮೆಲ್ಲಗೆ ಅವನ ಕೈ ಹಿಡಿದ.

“ಇನ್ನ ಆಕೀಗೆ ಏನೂ ಚುಚ್ಚಂಗಿಲ್ಲೋ ಮಾರಾಯಾ. ಬಿಡು.”

ಮಣ್ಣು ಮುಗಿಸಿ ಮಾಳಿಂಗ ಆಶ್ರಮಕ್ಕೆ ಬಂದಾಗ ಹೊತ್ತು ಇಳಿದಿತ್ತು. ಬೇವಿನಮರದ ಕೆಳಗೆ ಅಜ್ಜ ಒಬ್ಬನೇ ಕುಳಿತಿದ್ದ.

“ಅಜ್ಜಾರ, ಎಷ್ಟು ಚುಚ್ಚಿದ್ರೂ ಅಳಲಾರದವರು ಯಾರು ಅಂತ ಕೇಳಿದ್ದಿರಿ.”

“ಹೇಳಬ್ಯಾಡ,” ಅಂದ ಅಜ್ಜ.

ಎದ್ದು ನಿಂತು ಅಂಗಿ ಕಳಚಿದ. ಎಲುಬಿನ ಎದೆಗೆ ಹೊಳೆಯ ಗಾಳಿ ಬಡಿಯಿತು. ಅಂಗಿಯನ್ನು ಮಾಳಿಂಗನ ಮುಂದೆ ಹಿಡಿದ.

ಮಾಳಿಂಗ ಹಿಂದೆ ಸರಿದ.

“ನನಗ ಆ ಯೋಗ್ಯತಾ ಇಲ್ಲ. ಸಾಯೋ ತನಕ ಈ ಗೋಣ್ಯಾಗ ಇರತೀನಿ. ಇದ ನನಗ ಶಿಕ್ಷಾ.”

“ಆಗ ತಪಸ್ಸು ಅಂದಿ. ಈಗ ಶಿಕ್ಷಾ ಅಂತಿ. ಗೋಣಿ ಮಾತ್ರ ಅದ ಐತಲ್ಲೋ.”

ಊರ ಹೋರಿ ದಾರಿ ಬಿಡುತ್ತಿದ್ದ ಆಳು, ಗೋಣಿ ಬಿಚ್ಚಲು ಬಾರದೆ ತಡವರಿಸಿದ. ಗಾಯಕ್ಕೆ ಅಂಟಿದ ಕಡೆ ಅಜ್ಜ ನೀರು ಹನಿಸಿ ಬಿಡಿಸಿದ.

ಮಾಳಿಂಗ ಅಂಗಿ ತೊಟ್ಟ. ತೋಳು ಮಣಿಕಟ್ಟಿಗೆ ಬಂದು ನಿಂತಿತು. ಹೆಗಲು ಹೆಗಲಿಗೆ ಕೂತಿತು. ಅಕ್ಕ ಅಳತೆಯನ್ನೇ ತೆಗೆದುಕೊಂಡಿರಲಿಲ್ಲ. ಗಾಯದ ಮೇಲೆ ಬಟ್ಟೆ ಇದೆಯೋ ಇಲ್ಲವೋ ಎಂಬಂತೆ ಇತ್ತು. ಹೊಲಿಗೆಗಳೆಲ್ಲ ಹೊರಗೆ ಗಾಳಿಗೆ ಆಡುತ್ತಿದ್ದವು.

ಅವನು ಹೊರಗಿನ ಹೊಲಿಗೆಯ ಮೇಲೆ ಬೆರಳಾಡಿಸಿದ.

“ಸರಿಯಾಗಿ ಕುಂತೈತಿ ಅಜ್ಜಾರ. ನೋಡೂದಕ್ಕ ಆಕಿ ಇಲ್ಲ. ಒಂದ ಸಲ ಹಾಕ್ಕೋ ಅಂದಿದ್ದಳು. ಇನ್ನ ನಾ ಏನ್ ಮಾಡ್ಲಿ? ಹೇಳ್ರಿ, ಏನ್ ಮಾಡ್ಲಿ?”

ಅಜ್ಜ ಹೊಳೆಯತ್ತ ನೋಡಿದ. ಆಚೆ ದಡ ಆಗಲೇ ಕಾಣದಂತಾಗಿತ್ತು.

“ಗುಂಡಿ ಹಾಕ್ಕೋ,” ಅಂದ. “ಚಳಿ ಐತಿ.”