ಲಗ್ನಪತ್ರಿಕೆ ಓಡಿಸಿದ ಟೆಂಪ್ ಫೈಲ್

ಮೊದಲೇ ಕ್ಷಮಿಸಿ, ನನಗೆ ಕಥೆ ಹೇಳಿ ಅಭ್ಯಾಸವಿಲ್ಲ. ಇದು ನಮ್ಮ ಪ್ರಿಂಟಿಂಗ್ ಪ್ರೆಸ್ಸಿನ ಕಂಪ್ಯೂಟರ್ ಪರದೆಯ ಮೇಲೆ ನಡೆದದ್ದು. ನಾವು ಲಗ್ನಪತ್ರಿಕೆಯನ್ನು ಮೊದಲಿಂದ ಮಾಡುವುದಿಲ್ಲ. ಹಳೆಯ ಮದುವೆಯ ಪತ್ರಿಕೆಯನ್ನೇ ತೆರೆದು ಹೆಸರು ಬದಲಿಸುತ್ತೇವೆ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹಾಗೆ ಹೊಸ ಹೆಸರು ತೊಟ್ಟ ಒಂದು ಲಗ್ನಪತ್ರಿಕೆ, ಪಕ್ಕದಲ್ಲಿ ಮಂಕಾಗಿ ನಿಂತಿದ್ದ ಟೆಂಪ್ ಫೈಲನ್ನು ಕಂಡು ಮೂಗು ಮುರಿಯಿತು. (ಟೆಂಪ್ ಫೈಲ್ ಎಂದರೆ ಕೆಲಸದ ನಡುವೆ ತಾನಾಗಿ ಹುಟ್ಟುವ ತಾತ್ಕಾಲಿಕ ಕಡತ.)

"ಯಾರಯ್ಯಾ ನೀನು? ಹೆಸರು ನೋಡಿದರೆ ಬರೀ ಗೆರೆ, ಅಂಕಿ. ಶುಭಕಾರ್ಯದಲ್ಲಿ ನಿನಗೇನು ಕೆಲಸ?"

"ವಧುವಿನ ಹೆಸರು ಸೇವ್ ಆಗಿದೆಯಮ್ಮಾ, ವರನದು ಇನ್ನೂ ಆಗಿಲ್ಲ. ಅಲ್ಲಿಯವರೆಗೆ ಅದು ನನ್ನ ಹತ್ತಿರವೇ ಇರುತ್ತದೆ. ಆಮೇಲೆ ನಾನಾಗಿಯೇ ಹೊರಡುತ್ತೇನೆ."

"ಕರೆಯದೆ ಬಂದವರೆಲ್ಲ ಹೀಗೇ ಹೇಳುವುದು!" ಎಂದು ಪತ್ರಿಕೆ ಅದನ್ನು ಕಸದ ಬುಟ್ಟಿಗೆ ತಳ್ಳಿ, ಬುಟ್ಟಿಯನ್ನೂ ಖಾಲಿ ಮಾಡಿಸಿತು.

ಅಷ್ಟರಲ್ಲಿ ಕರೆಂಟು ಹೋಯಿತು. ಮತ್ತೆ ಬಂದಾಗ ಪತ್ರಿಕೆ ತನ್ನನ್ನೇ ನೋಡಿಕೊಂಡು ಬೆಚ್ಚಿತು. ವಧು ಹೊಸಬಳು, ವರ ಮಾತ್ರ ಹೋದ ವರ್ಷದವನು!

"ಬುಟ್ಟಿಯಣ್ಣಾ, ಆ ಟೆಂಪ್ ಫೈಲನ್ನು ವಾಪಸು ಕೊಡು!"

"ಖಾಲಿ ಮಾಡು ಎಂದವಳು ನೀನೇ ಅಲ್ಲವೇನಮ್ಮಾ?" ಎಂದಿತು ಬುಟ್ಟಿ.

ಇದರ ನೀತಿ ಏನೆಂದರೆ, ಗುರುತಿಲ್ಲದವರನ್ನು ಓಡಿಸುವ ಮೊದಲು, ಅಂದರೆ ಓಡಿಸಲೇಬಾರದು ಎಂದಲ್ಲ, ಅವರ ಕೈಯಲ್ಲಿ ನಮ್ಮದೇನಿದೆ ಎಂದು ಒಮ್ಮೆ... ತಡೆಯಿರಿ, ಕೌಂಟರಿನಿಂದ ವಧುವಿನ ತಂದೆ ಚೆನ್ನವೀರಪ್ಪನವರು ಕೂಗುತ್ತಿದ್ದಾರೆ:

"ಸ್ವಾಮೀ, ಈ ಕಾರ್ಡಿನಲ್ಲಿರೋ ಅಳಿಯ ಯಾರ್ರೀ?"