ಧರಣಯ್ಯನ ಹಿಡಿ

ಬಹಳ ಹಿಂದೆ, ರೈಲು ಕಲ್ಲಿದ್ದಲು ತಿಂದು ನೀರು ಕುಡಿದು ಓಡುತ್ತಿದ್ದ ಕಾಲದಲ್ಲಿ, ಕೆಂಚನಪಾಳ್ಯ ಅಂತ ಒಂದೂರು. ಆ ಊರಿನ ಟೇಸನ್ನಿನಲ್ಲಿ ಧರಣೇಂದ್ರಯ್ಯ ಅಂತ ಒಬ್ಬ ಗೂಡ್ಸ್ ಗುಮಾಸ್ತ ಇದ್ದನಂತೆ. ಮೀಸೆ ಚಿಗುರುವಾಗ ಬಂದವನು, ಮೀಸೆ ನರೆತರೂ ಅಲ್ಲೇ. ಜನರ ಬಾಯಲ್ಲಿ ಧರಣಯ್ಯ.

ಅವನಿಗೆ ಎಲ್ಲದರ ಮೇಲೂ ಕುತೂಹಲವಂತೆ. ಮೂಟೆ ತೂಕಕ್ಕಿಟ್ಟರೆ ಸಾಕು, ಇದು ಎಲ್ಲಿಗೆ ಹೋಗುತ್ತೆ, ಹೋಗಿ ಏನಾಗುತ್ತೆ ಅಂತ ಕೇಳೋನು. ಹುಣಸೆಹಣ್ಣಿನವರು ಹೇಳೋರು, ಹಂಚಿನವರು ಹೇಳೋರು. ರೇಷ್ಮೆಗೂಡಿನ ಬುಟ್ಟಿ ಬಂದಾಗ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಜೈನರವನು, ಇರುವೆ ಸಾಲು ಕಂಡರೆ ಸುತ್ತುಹಾಕಿ ಹೋಗೋನು. ಗೂಡಿನೊಳಗಿನ ಹುಳುವಿನ ಗತಿ ಅವನಿಗೆ ಗೊತ್ತಿತ್ತು, ಕೇಳಲು ಧೈರ್ಯವಿರಲಿಲ್ಲ ಅಂತಾರೆ.

ಒಂದು ವರ್ಷ ಮಳೆ ಹಿಡಿಯಿತು ನೋಡಿ. ಸುತ್ತಲ ಹಳ್ಳಿಗಳ ಗೂಡೆಲ್ಲ ವ್ಯಾಗನ್ನಿಗೆ ಏರಿತ್ತು. ಅಷ್ಟರಲ್ಲಿ ಮುಂದಿನ ಕೆರೆ ಒಡೆದು ಹಳಿ ಕೊಚ್ಚಿಹೋಯಿತು ಅಂತ ಸುದ್ದಿ. ಗಾಡಿ ನಿಂತಲ್ಲೇ ನಿಂತಿತು. ದಿನ ಕಳೆದವು. ಗೂಡು ಒಣಗಿಸಲು ಬಿಸಿಲಿಲ್ಲ, ಹಬೆ ಕಾಯಿಸಲು ಒಣಸೌದೆಯಿಲ್ಲ. ಗೂಡು ಬೆಳೆದಿದ್ದ ಹೊಂಬಾಳಮ್ಮ ಅನ್ನೋಳು ಬುಟ್ಟಿಗೆ ಕಿವಿಯಿಟ್ಟು ನೋಡಿ, ಧರಣಯ್ಯನ ಹತ್ತಿರ ಓಡಿಬಂದಳಂತೆ.

"ಬುದ್ಧೀ, ಒಳಗೆ ಹುಳು ಎದ್ದೈತೆ. ಚಿಟ್ಟೆಯಾಗಿ ಗೂಡು ತೂತು ಮಾಡ್ಕಂಡು ಬಂದ್ರೆ ನೂಲೇ ಬರಾಕಿಲ್ಲ. ಊರೂರೇ ನಿದ್ದೆಗೆಟ್ಟು ಸಾಕಿದ್ದು."

"ಏನು ಮಾಡಬೇಕಮ್ಮ?"

"ಹಬೆ ಕೊಡಬೇಕು. ಹುಳ ಸತ್ರೆ ಗೂಡು ಉಳೀತದೆ," ಅಂದವಳು ನಿಂತ ಇಂಜಿನ್ನಿನ ಕಡೆ ನೋಡಿದಳು.

ಡ್ರೈವರ್ ಗಫಾರ್ ಸಾಬಿ, ಇಂಜಿನ್ನಿನಿಂದ ವ್ಯಾಗನ್ನಿಗೆ ಕೊಳವೆ ಎಳೆಯಬಹುದು, ಆದರೆ ಸರಕು ನಿಮ್ಮ ಸುಪರ್ದಿಯಲ್ಲಿದೆ, ನೀವು ಹೂಂ ಅನ್ನಬೇಕು ಅಂದನಂತೆ.

ಧರಣಯ್ಯ ಮಳೆಯಲ್ಲೇ ಹೋಗಿ ವ್ಯಾಗನ್ನಿನ ಬಾಗಿಲಿಗೆ ಕಿವಿಯಿಟ್ಟ. ಒಳಗೆ ಅಷ್ಟೂ ಜೀವ ಮಗ್ಗುಲಾಗುವ ಸದ್ದು, ಒಣಗಿದ ಎಲೆಯ ಮೇಲೆ ತುಂತುರು ಬಿದ್ದ ಹಾಗೆ ಕೇಳಿಸಿತಂತೆ. ತಿರುಗಿದರೆ ಜನ, ಕೂಸುಗಳನ್ನ ಸೊಂಟದಲ್ಲಿಟ್ಟುಕೊಂಡು ನೆನೆಯುತ್ತಾ ನಿಂತ ಜನ.

"ಪ್ರತಿ ಬುಟ್ಟಿಯಿಂದ ಒಂದು ಹಿಡಿ ತೆಗೆದಿಡಿ," ಅಂದನಂತೆ ಕೊನೆಗೆ. "ಅವು ಬದುಕಲಿ."

ಪಾಪ ಇನ್ನೊಬ್ಬರಿಗೆ ಬೇಡ ಅಂತ ಹಬೆಯ ತಿರುಪನ್ನ ತಾನೇ ತಿರುಗಿಸಿದನಂತೆ. ಅಂಗೈ ಬೊಬ್ಬೆಯೆದ್ದಿತು. ಮದ್ದು ಹಚ್ಚಲು ಬಂದವರನ್ನ ವಾಪಸು ಕಳಿಸಿದ. ಹಳಿ ಸರಿಯಾಯಿತು, ಗೂಡು ಪೇಟೆ ಸೇರಿತು, ನೂಲು ಬಂತು, ಹಳ್ಳಿಗಳು ಉಸಿರಾಡಿದವು.

ತೆಗೆದಿಟ್ಟ ಗೂಡುಗಳಿಂದ ಚಿಟ್ಟೆ ಬಂದವು. ಧರಣಯ್ಯ ಉಪವಾಸವಿದ್ದು ಅವುಗಳ ಮುಂದೆಯೇ ಕೂತಿದ್ದನಂತೆ. ಬೆಳ್ಳಗೆ ಮೋಡದ ಹಾಗೆ ಎದ್ದು ಟೇಸನ್ನಿನ ಮೇಲೆ ಹಾರಿದವು ಅಂತಾರೆ. ಹುಳು ಸಾಕಿದವರೆಲ್ಲ ಬಲ್ಲರು, ರೇಷ್ಮೆ ಚಿಟ್ಟೆ ರೆಕ್ಕೆ ಬಡಿಯುತ್ತೆ, ಹಾರೋದಿಲ್ಲ. ಆದರೂ ಹಾಗೇ ಹೇಳ್ತಾರೆ.

ಈಗ ಗೂಡು ಲಾರಿಯಲ್ಲಿ ಹೋಗುತ್ತೆ. ಇವತ್ತಿಗೂ ಆ ಕಡೆಯ ಹೆಂಗಸರು ಬೆಳೆ ಬಿಡಿಸಿದಾಗ ಒಂದು ಹಿಡಿ ಗೂಡನ್ನ ಟೇಸನ್ನಿನ ಹಳೇ ಗೋಡೌನಿನ ಮೆಟ್ಟಿಲ ಮೇಲೆ ಇಟ್ಟು ಬರ್ತಾರೆ. ಆಮೇಲೆ ಹೋಗಿ ನೋಡಿದರೆ ತೂತಾದ ಗೂಡು ಬಿದ್ದಿರ್ತವೆ, ಚಿಟ್ಟೆ ಇರೋದಿಲ್ಲ. ಕಾಗೆ ತಿಂದಿರಬೇಕು ಅಂತ ಯಾರಾದರೂ ಅಂದರೆ, ಹೆಂಗಸರು ಬಾಯಿ ಮುಚ್ಚಿಸ್ತಾರೆ.