ಹನೋಖಜ್ಜ ಟೆಂಪೋ ಇಳಿದದ್ದು

ಹೂಂಗುಟ್ತಾ ಇರು ಕಂದಾ, ನೀನು ನಿದ್ದೆ ಹೋದ್ರೆ ಕತೆನೂ ಮಲ್ಕೊಂಡು ಬಿಡ್ತದೆ. ಒಂದಾನೊಂದು ಕಾಲ ಅಂದ್ರೆ ರಾಜರ ಕಾಲ ಏನಲ್ಲ, ಊರೂರಿಗೆ ಟೆಂಪೋ ಬಂದಿದ್ದ ಕಾಲ. ಆಗ ಸಮುದ್ರದ ದಡದ ಒಂದೂರಲ್ಲಿ ಯೆಹೂದಿಗಳ ಕೇರಿ ಇತ್ತಂತೆ. ಎಣ್ಣೆ ಗಾಣದ ಜನ. ವಾರವೆಲ್ಲ ಗಾಣ ತಿರುಗಿಸೋರು, ಶನಿವಾರ ಮಾತ್ರ ದೇವರ ದಿನ ಅಂತ ಎತ್ತಿಗೂ ರಜ ಕೊಟ್ಟು ಕೂತು ಬಿಡೋರು. ಕೇರಿ ನಡುವೆ ಅವರದೊಂದು ಪ್ರಾರ್ಥನೆ ಮನೆ, ಅದರೊಳಗೆ ತೋರಾ ಅಂತ ದೇವರ ಮಾತು ಬರೆದ ದೊಡ್ಡ ಸುರುಳಿ, ಅದನ್ನ ರಾಗವಾಗಿ ಓದೋನು ಹನೋಖಜ್ಜ.

ಆಮೇಲೇನಾಯ್ತಂತೆ, ಬರ್ತಾ ಬರ್ತಾ ಪ್ರಾರ್ಥನೆಗೆ ಬರೋ ಜನ ಕಮ್ಮಿಯಾದ್ರು. ಒಂದು ಶನಿವಾರ ಅಜ್ಜ ಓದಿ ಮುಗಿಸಿ ತಲೆ ಎತ್ತಿದ್ರೆ, ಕೇಳ್ತಾ ಕೂತಿದ್ದದ್ದು ಕಿಟಕೀಲಿ ಒಂದು ಪಾರಿವಾಳ ಅಷ್ಟೇ. ಅಜ್ಜಂಗೆ ಎಲ್ಲಿತ್ತೋ ಸಿಟ್ಟು, ಈ ಮಳೆಗಾಲದ ಮಳೆ ನಿಲ್ಲಲಿ, ಸುರುಳಿ ತಗೊಂಡು ಮುಂಬಯಿಗೆ ಹೊರಟೆ, ಬೀಗ ನೀವೇ ಹಾಕ್ಕೊಳ್ಳಿ ಅಂತ ಕೇರಿಗೆಲ್ಲ ಕೂಗಿ ಹೇಳಿದ್ನಂತೆ.

ಗಾಣದ ಎಲ್ಕಾನನ ಮಗಳು ಶಿಫ್ರಾಗೆ ಇದು ಕೇಳಿ ಎದೆ ಧಸಕ್ಕಂತು. ಅಜ್ಜ ಇದ್ದಾನಲ್ಲ ಅಂತ ಅವಳೂ ಒಂದಕ್ಷರ ಕಲಿತಿರಲಿಲ್ಲ ನೋಡು. ಓಡಿಹೋಗಿ ಹೋಗಬೇಡಜ್ಜಾ ಅಂದ್ಳು. ಅಜ್ಜ ಅಂದ್ನಂತೆ, ನಾನಿದ್ದು ಏನು ಮಾಡ್ಲಿ ಮಗಾ? ಹಾಡೋರು ಯಾರಿದ್ದಾರೆ, ಹಬ್ಬದ ಮಲಿದಾ ಕಲಸೋರು ಯಾರಿದ್ದಾರೆ, ಸುರುಳೀಲಿರೋ ಹೀಬ್ರು ಅಕ್ಷರ ಓದೋರು ಯಾರಿದ್ದಾರೆ? ಮೂರೂ ತೋರ್ಸು, ಆಗ ನೋಡೋಣ.

ಆಮೇಲೆ ಶಿಫ್ರಾ ಮಲ್ಕಾಬಾಯಿ ಮನೆಗೆ ಹೋದ್ಳಂತೆ. ಮಲ್ಕಾಬಾಯಿಗೆ ಹಳೇ ಹಾಡೆಲ್ಲ ಬಾಯಲ್ಲೇ ಇತ್ತು, ಆದ್ರೆ ಈಗ್ಯಾರಿಗೆ ಬೇಕೇ ಅವು, ಹೋಗೇ ಅಂತ ಬಾಗಿಲು ಹಾಕ್ಕೊಂಡ್ಳು. ಶಿಫ್ರಾ ಜಗಲಿ ಮೇಲೇ ಕೂತು ತನಗೆ ಬಂದ ಹಾಗೆ ಶುರು ಮಾಡಿದ್ಳು. ಎಣ್ಣೆ ಕಾಣದ ಗಾಣದ ಹಾಗಿತ್ತಂತೆ ಅವಳ ಸ್ವರ! ಒಂದು ಸಾಲು ಮುಗಿಯೋದ್ರೊಳಗೆ ಬಾಗಿಲು ತೆರೀತು. ಅಯ್ಯೋ ಸಾಕು ಮಾಡೇ ತಾಯಿ, ಒಳಗೆ ಬಾ, ಹೇಳ್ಕೊಡ್ತೀನಿ!

ಆಮೇಲೆ ದೀನಾಬಾಯಿ. ಮಲಿದಾ ಅಂದ್ರೆ ಅವಲಕ್ಕಿ, ಕಾಯಿತುರಿ, ಸಕ್ಕರೆ, ಏಲಕ್ಕಿ ಕಲಸಿ ದೇವರ ಮುಂದಿಡೋದು, ಅದರಲ್ಲಿ ಅವಳನ್ನ ಮೀರಿಸೋರಿಲ್ಲ. ಆದ್ರೆ ಯಾವುದೋ ಮದುವೇಲಿ ಮಲ್ಕಾಬಾಯಿ ಸಿಹಿ ಸಾಲದು ಅಂದಿದ್ಳಂತೆ, ಅವತ್ತಿಂದ ಇಬ್ಬರಿಗೂ ಮಾತಿಲ್ಲ. ಅವಳಿದ್ದ ಕಡೆ ನಾನು ಬರಲ್ಲ ಅಂದ್ಳು. ಸರಿ ಬಿಡಿ ಅಂತ ಶಿಫ್ರಾ ಪ್ರಾರ್ಥನೆ ಮನೆ ಅಂಗಳದಲ್ಲಿ ತಾನೇ ಕಲಸೋಕೆ ಕೂತು ಬಿಂದಿಗೆ ನೀರು ಸುರಿದ್ರೆ, ಅವಲಕ್ಕಿ ಗಂಜಿಯಾಗಿ ಹೋಯ್ತು. ಬೇಲಿ ಆಚೆಯಿಂದ ನೋಡ್ತಿದ್ದ ದೀನಾಬಾಯಿ ಎದ್ದೆನೋ ಬಿದ್ದೆನೋ ಅಂತ ಓಡಿ ಬಂದು ಪಾತ್ರೆ ಕಿತ್ಕೊಂಡು, ಬೇರೆ ಅವಲಕ್ಕಿ ತರಿಸಿ ಕಲಸಿದ್ಳಂತೆ. ಅಷ್ಟರಲ್ಲಿ ಬಂದ ಮಲ್ಕಾಬಾಯಿ ಒಂದು ಚಿಟಿಕೆ ಬಾಯಿಗೆ ಹಾಕ್ಕೊಂಡು, ಇನ್ನೊಂಚೂರು ಸಕ್ಕರೆ... ಅಂದೇ ಬಿಟ್ಳು! ದೀನಾಬಾಯಿ ಕಣ್ಣು ಕೆಕ್ಕರಿಸಿದ್ಳು, ಆಮೇಲೆ ತಾನೇ ರುಚಿ ನೋಡಿದ್ಳು, ಆಮೇಲೆ ಇಬ್ಬರಿಗೂ ನಗು ತಡೀಲಿಲ್ಲವಂತೆ.

ಉಳಿದಿದ್ದು ಅಕ್ಷರ. ಟೈಲರ್ ರೂಬೆನ್ ಚಿಕ್ಕಂದಿನಲ್ಲಿ ಕಲಿತಿದ್ದ, ಈಗ ಕಣ್ಣು ಮಂಜು. ಕಣ್ಣಿಗೆ ಮಂಜು ಬಂದ್ರೆ ಕೈಗೂ ಬಂತಾ ಕಾಕಾ ಅಂದ್ಳು ಶಿಫ್ರಾ. ಅವನು ಕರೀ ಬಟ್ಟೆ ಹಾಸಿ, ಅಳತೆ ಗುರುತು ಹಾಕೋ ಸೀಮೆಸುಣ್ಣದಲ್ಲಿ ಗೇಣುದ್ದ ಅಕ್ಷರದಲ್ಲಿ ಇಸ್ರಾಯೇಲೇ ಕೇಳು ಅನ್ನೋ ಅವರ ಪ್ರಾರ್ಥನೆ ಬರೆದ. ಶಿಫ್ರಾ ಕಲಿತ್ಳು, ಅವಳ ಬೆನ್ನಿಗೆ ಕೇರಿ ಮಕ್ಕಳೂ, ಮಕ್ಕಳ ಹಿಂದೆ ಅವರ ಅಪ್ಪ ಅಮ್ಮಂದಿರೂ ಬಂದ್ರಂತೆ.

ಅಷ್ಟರಲ್ಲಿ ಮಳೆ ನಿಂತು ಬಿಡ್ತು. ಯಾರು ಏನು ಹೇಳಿದ್ರೂ ಅಜ್ಜಂಗೆ ನಂಬಿಕೆ ಇಲ್ಲ, ನಾಲ್ಕು ದಿನದ ಸಡಗರ ಅಂದ. ಸುರುಳಿ ಪೆಟ್ಟಿಗೆ ತೊಡೆ ಮೇಲಿಟ್ಕೊಂಡು ಪ್ರಾರ್ಥನೆ ಮನೆ ಎದುರಿಗೇ ನಿಂತಿದ್ದ ಟೆಂಪೋ ಹತ್ತಿ ಕೂತ. ಶಿಫ್ರಾಗೆ ಅಳುವೇ ಬಂತು. ಆದ್ರೂ ಆ ಮನೆ ಬಾಗಿಲು ಹಾರು ಹೊಡೆದು, ಮಕ್ಕಳನ್ನ ಕೂರಿಸ್ಕೊಂಡು, ರೂಬೆನ್ ಬರೆದ ಬಟ್ಟೆ ಬಿಡಿಸಿ ಗಟ್ಟಿಯಾಗಿ ಓದಿದ್ಳಂತೆ: ಸೆಮಾ...

ಸೆಮಾ ಅಲ್ಲ, ಶೆಮಾ! ಟೆಂಪೋದಿಂದ ಅಜ್ಜನ ತಲೆ ಆಚೆ ಬಂತು. ಆ ಅಕ್ಷರದ ಮೇಲೆ ಚುಕ್ಕೆ ಬಲಕ್ಕಿದ್ರೆ ಶ!

ಇಶ್ರಾಯೇಲ್... ಅಂದ್ಳು ಶಿಫ್ರಾ.

ಎಡಕ್ಕಿದ್ರೆ ಸ! ಇಸ್ರಾಯೇಲ್! ಅಜ್ಜನ ಕಾಲು ನೆಲದ ಮೇಲೆ. ಡ್ರೈವರ್ ಕೇಳಿದ್ನಂತೆ, ಯಜಮಾನ್ರೇ, ಹತ್ತೋದಾ ಇಳಿಯೋದಾ?

ಕೊನೇ ಮಾತು ಎಖಾದ್, ದೇವರು ಒಬ್ಬನೇ ಅಂತ ಅದರರ್ಥ. ರೂಬೆನ್ ಕೈ ತಾಗಿ ಅಕ್ಷರದ ಮೂಲೆ ಅಳಿಸಿತ್ತು, ಶಿಫ್ರಾ ಅಖೇರ್ ಅಂದು ಬಿಟ್ಳು, ಬೇರೆಯೋನು ಅಂದ ಹಾಗಾಯ್ತು! ಅಜ್ಜ ಪೆಟ್ಟಿಗೆ ಅಪ್ಕೊಂಡು ಒಳಗೇ ನುಗ್ಗಿದ. ಕೂಸೇ, ಚೂಪು ಮೂಲೆ ಇದ್ರೆ ದಾಲೆತ್ ಅನ್ನೋ ದ, ಗುಂಡು ಮೂಲೆ ಇದ್ರೆ ರೇಶ್ ಅನ್ನೋ ರ, ಒಂದು ಮೂಲೆ ತಪ್ಪಿದ್ರೆ ದೇವರೇ ಬೇರೆಯಾಗ್ತಾನೆ, ಕೊಡಿಲ್ಲಿ ಸೀಮೆಸುಣ್ಣ!

ಬರೆದು ತಿರುಗಿ ನೋಡ್ತಾನೆ, ಕೇರಿಗೆ ಕೇರಿಯೇ ಕೂತಿದೆ. ಅಜ್ಜನ ಕಣ್ಣು ತುಂಬಿ ಬಂತಂತೆ. ಹೂಂ, ಮೊದಲಿಂದ ಓದಿ, ಎಲ್ಲರೂ, ಅಂದ. ಆಮೇಲೆ ಹಾಡೇನು, ಮಲಿದಾ ಏನು, ಡ್ರೈವರಿಗೂ ಒಂದು ಬಾಳೆಲೆ ತುಂಬ ಸಿಕ್ತಂತೆ, ಟೆಂಪೋ ಖಾಲಿ ಹೋಯ್ತಂತೆ. ಆ ಕೇರೀಲಿ ಈಗಲೂ ಶನಿವಾರ ಬಂತಂದ್ರೆ ಕೂರೋಕೆ ಜಾಗ ಸಿಗಲ್ಲವಂತೆ.

ಅವರು ಅಲ್ಲಿ ಚೆನ್ನಾಗಿದ್ದಾರೆ, ನಾವು ಇಲ್ಲಿ ಚೆನ್ನಾಗಿದ್ದೀವಿ. ಕತೆ ಮುಗೀತು ಬಂಗಾರಿ, ಹೊದ್ಕೊಂಡು ಮಲ್ಕೋ.